ಸಾಂಬಾ ಫೈಲ್ ಸರ್ವರ್‌ನಲ್ಲಿ ಯಾರು ಯಾವ ಫೈಲ್ ಹಿಡಿದಿದ್ದಾರೆ? ಎಸ್‌ಎಂಬಿಸ್ಟೇಟಸ್ ಓದೋದು ಹೇಗೆ?

ಪೀಣ್ಯ ಡ್ರಾಯಿಂಗ್ ರೂಮ್

ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪ್‌ನ ಫೈಲ್ ಸರ್ವರ್ ವಿಷಯ. ಉಬುಂಟು 22.04, ಅದರ ಜೊತೆಗೇ ಬಂದ ಸಾಂಬಾ 4.15 (ಲಿನಕ್ಸ್ ಸರ್ವರ್‌ನ ಫೋಲ್ಡರ್‌ಗಳನ್ನ ವಿಂಡೋಸ್‌ಗೆ ಹಂಚೋ ಸಾಫ್ಟ್‌ವೇರ್). ವಿಂಡೋಸ್ ಕಂಪ್ಯೂಟರ್ 26. ಶೇರ್ (ಹಂಚಿದ ಫೋಲ್ಡರ್) ಎರಡೇ: ಡ್ರಾಯಿಂಗ್ಸ್, ಅಕೌಂಟ್ಸ್. ಸರ್ವರ್‌ಗೆ ಯುಪಿಎಸ್ ಇದೆ, ಕಂಪ್ಯೂಟರ್‌ಗಳಲ್ಲಿ ಅರ್ಧಕ್ಕೆ ಇಲ್ಲ.

ತೊಂದರೆ ಮೂರು. ಆಟೋಕ್ಯಾಡ್‌ನಲ್ಲಿ ಡ್ರಾಯಿಂಗ್ ತೆರೆದರೆ ಬೇರೆಯವರು ಬಳಸ್ತಿದ್ದಾರೆ, ರೀಡ್ ಓನ್ಲಿ ತೆರೀಲಾ ಅಂತ ಕೇಳುತ್ತೆ. ಆಫೀಸಲ್ಲಿ ಕೇಳಿದರೆ ಯಾರೂ ತೆರೆದೇ ಇಲ್ಲ ಅಂತಾರೆ. ಎರಡನೇದು, ದಿನಾ ಬೆಳಗ್ಗೆ 11ರ ಹೊತ್ತಿಗೆ ಎಲ್ಲಾ ನಿಧಾನ. ಮೂರನೇದು, ಹೋದ ವಾರ ಒಂದು ಜಾಬ್ ಫೋಲ್ಡರ್ ಕಾಣೆಯಾಯ್ತು. ಬ್ಯಾಕಪ್‌ನಿಂದ ವಾಪಸ್ ತಂದಿದ್ದಾಯ್ತು, ಆದರೆ ಹೇಗೆ ಹೋಯ್ತು ಅನ್ನೋದು ತಿಳೀಲಿಲ್ಲ.

ಸಾಂಬಾದ ಸ್ಥಿತಿ ತೋರಿಸೋ ಎಸ್‌ಎಂಬಿಸ್ಟೇಟಸ್ ಕಮಾಂಡ್ ಹೊಡೆದರೆ ಪರದೆ ತುಂಬ ಸಾಲು ಬರುತ್ತೆ. ಅದರಲ್ಲಿ ನೋಡಬೇಕಾದ್ದು ಯಾವುದು, ಬಿಡಬೇಕಾದ್ದು ಯಾವುದು?

ಯಶವಂತಪುರ ಸಿಸ್ಟಮ್ಸ್

ಮೊದಲೇ ಒಂದು ಮಾತು: ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೀತೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ, ಯಾಕಂದ್ರೆ ಈ ಕಮಾಂಡ್‌ನಲ್ಲಿ ಸಣ್ಣಕ್ಷರಕ್ಕೂ ದೊಡ್ಡಕ್ಷರಕ್ಕೂ ಅರ್ಥ ಬೇರೆ. ಸುಡೋ ಇಲ್ಲದೆ ಹೊಡೀಬೇಡಿ. ಇದು ರೂಟ್‌ಗೆ (ಪೂರ್ಣ ಅಧಿಕಾರದ ಖಾತೆಗೆ) ಮಾತ್ರ ಸರಿಯಾಗಿ ಕೆಲಸ ಮಾಡುತ್ತೆ, ಯಾಕಂದ್ರೆ ಮಾಹಿತಿ ಎಲ್ಲಾ ಸಾಂಬಾ ತನ್ನ ಲೆಕ್ಕ ಇಡೋ ಟಿಡಿಬಿ ಫೈಲ್‌ಗಳಿಂದ ಬರುತ್ತೆ.

ಪರದೆ ಮೇಲೆ ಬರೋದು ಮೂರು ಪಟ್ಟಿ. ಒಟ್ಟಿಗೆ ನೋಡಿದರೆ ಕಣ್ಣು ಕಟ್ಟುತ್ತೆ, ಬಿಡಿಬಿಡಿಯಾಗಿ ಕರೀರಿ.

ಸುಡೋ ಎಸ್‌ಎಂಬಿಸ್ಟೇಟಸ್ -ಪಿ

ಇದು ಯಾರು ಲಾಗಿನ್ ಆಗಿದ್ದಾರೆ ಅನ್ನೋ ಪಟ್ಟಿ: ಪಿಐಡಿ (ಪ್ರೊಸೆಸ್‌ನ ಸಂಖ್ಯೆ), ಯೂಸರ್, ಗ್ರೂಪ್, ಕಂಪ್ಯೂಟರ್‌ನ ಐಪಿ, ಪ್ರೋಟೋಕಾಲ್ ಆವೃತ್ತಿ. ಸಾಂಬಾ ಒಂದೊಂದು ಕ್ಲೈಂಟ್ ಕಂಪ್ಯೂಟರ್‌ಗೆ ಒಂದೊಂದು ಎಸ್‌ಎಂಬಿಡಿ (ಫೈಲ್ ಹಂಚೋ ಪ್ರೋಗ್ರಾಂ) ಪ್ರೊಸೆಸ್ ಹುಟ್ಟಿಸುತ್ತೆ. ಹಾಗಾಗಿ ಪಿಐಡಿ ಗೊತ್ತಾದರೆ ಕಂಪ್ಯೂಟರ್ ಗೊತ್ತಾದ ಹಾಗೆ. ಮುಂದಿನದೆಲ್ಲಾ ಈ ಒಂದು ಅಂಶದ ಮೇಲೆ ನಿಂತಿದೆ.

ಸುಡೋ ಎಸ್‌ಎಂಬಿಸ್ಟೇಟಸ್ -ಎಸ್, ಎಸ್ ದೊಡ್ಡಕ್ಷರ. ಯಾವ ಶೇರ್‌ಗೆ ಯಾವ ಕಂಪ್ಯೂಟರ್ ಯಾವಾಗ ಸೇರಿಕೊಂಡಿತು ಅಂತ. ನಿಮ್ಮ ತೊಂದರೆಗೆ ಇದರ ಉಪಯೋಗ ಕಡಿಮೆ.

ಸುಡೋ ಎಸ್‌ಎಂಬಿಸ್ಟೇಟಸ್ -ಎಲ್, ಎಲ್ ದೊಡ್ಡಕ್ಷರ. ತೆರೆದಿರುವ ಫೈಲ್‌ಗಳು. ನಿಮಗೆ ಬೇಕಾದ್ದು ಇದು. ಒಂದು ಸಾಲು ಹೀಗಿರುತ್ತೆ:

18422  1007  ಡಿನೈ_ರೈಟ್  0ಎಕ್ಸ್12019ಎಫ್  ಆರ್‌ಡಿಡಬ್ಲ್ಯುಆರ್  ಲೀಸ್ ಆರ್‌ಡಬ್ಲ್ಯುಎಚ್  /ಎಸ್‌ಆರ್‌ವಿ/ಡ್ರಾಯಿಂಗ್ಸ್  ಫಿಕ್ಸ್ಚರ್-04.ಡಿಡಬ್ಲ್ಯುಜಿ

ಎಡದಿಂದ ಓದಿ. 18422 ಪಿಐಡಿ. 1007 ಅನ್ನೋದು ಯೂಸರ್‌ನ ಯುಐಡಿ, ಅಂದ್ರೆ ಸಂಖ್ಯೆ, ಹೆಸರಲ್ಲ. ಹೆಸರು ಬೇಕಂದ್ರೆ ಐಡಿ -ಎನ್‌ಯು 1007. ಡಿನೈ_ರೈಟ್ ಅಂದ್ರೆ ಇವರು ತೆರೆದಿರೋ ತನಕ ಬೇರೆ ಯಾರೂ ಬರೆಯೋ ಹಾಗಿಲ್ಲ. ಡಿನೈ_ನನ್ ಇದ್ದಿದ್ದರೆ ಯಾರಿಗೂ ಅಡ್ಡಿ ಇಲ್ಲ. ಆರ್‌ಡಿಡಬ್ಲ್ಯುಆರ್ ಅಂದ್ರೆ ಓದೋಕೂ ಬರೆಯೋಕೂ ತೆರೆದಿದ್ದಾರೆ. ಸಾಲಿನ ಕೊನೆಯಲ್ಲಿ ಸಮಯ ಇರುತ್ತೆ, ಅದು ತೆರೆದ ಸಮಯ, ಕೊನೆಯ ಸಲ ಬಳಸಿದ ಸಮಯ ಅಲ್ಲ. ಈ ಎರಡನ್ನ ಒಂದೇ ಅಂದ್ಕೊಂಡು ಎಷ್ಟೋ ಜನ ಎಡವುತ್ತಾರೆ.

ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ, ನಾಲ್ಕನೇ ಅಂಕಣ ಅಕ್ಸೆಸ್‌ನಲ್ಲಿ 0ಎಕ್ಸ್100081 ಇರೋ ಸಾಲುಗಳು ಹತ್ತಾರು ಬರುತ್ತೆ. ಯಾರೋ ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ತೆರೆದಿಟ್ಟಿದ್ದಾರೆ, ಅಷ್ಟೇ. ಅವನ್ನ ಬಿಟ್ಟುಬಿಡಿ. ಡಿನೈ_ರೈಟ್, ಡಿನೈ_ಆಲ್ ಇರೋವನ್ನ ಮಾತ್ರ ಹಿಡಿದು ನೋಡಿ.

ಸಂಪಿಗೆ ರಸ್ತೆ

ಇಷ್ಟೆಲ್ಲಾ ಯಾಕೆ ಸರ್? ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಎಸ್‌ಎಂಬಿಡಿ ಅಂದ್ರೆ ಲಾಕ್ ಎಲ್ಲಾ ಹೋಗುತ್ತೆ. ಎರಡು ಸೆಕೆಂಡಿನ ಕೆಲಸ.

ಯಶವಂತಪುರ ಸಿಸ್ಟಮ್ಸ್

ದಯವಿಟ್ಟು ಕೆಲಸದ ಹೊತ್ತಲ್ಲಿ ಹಾಗೆ ಮಾಡಬೇಡಿ. 26 ಕಂಪ್ಯೂಟರ್‌ನ ಸಂಪರ್ಕವೂ ಒಟ್ಟಿಗೆ ಕಡಿಯುತ್ತೆ. ಎಕ್ಸೆಲ್ ಹೇಗೋ ತಡ್ಕೊಳ್ಳುತ್ತೆ. ಟ್ಯಾಲಿ ಡೇಟಾ ಶೇರ್ ಮೇಲೇ ಇದ್ದು, ವೋಚರ್ ಸೇವ್ ಆಗೋ ಗಳಿಗೆಯಲ್ಲಿ ಸಂಪರ್ಕ ತಪ್ಪಿದರೆ ಡೇಟಾ ಕೆಟ್ಟು ರಿಪೇರಿಗೆ ಕೂರಬೇಕು. ಒಬ್ಬರ ಲಾಕ್ ಬಿಡಿಸೋಕೆ 25 ಜನರ ಕೆಲಸ ಪಣಕ್ಕಿಡೋದು ಸರಿಯಲ್ಲ.

ಇನ್ನೂ ಅಪಾಯದ್ದು ಅಂದ್ರೆ ಎಸ್‌ಎಂಬಿಡಿ ಓಡ್ತಿರುವಾಗಲೇ ಲಾಕಿಂಗ್.ಟಿಡಿಬಿ ಅಳಿಸೋದು. ಹಾಗೆ ಮಾಡಿದರೆ ಯಾರು ಏನು ಹಿಡಿದಿದ್ದಾರೆ ಅನ್ನೋ ಲೆಕ್ಕವೇ ತಪ್ಪಿ, ಇಬ್ಬರು ಒಂದೇ ಫೈಲ್‌ಗೆ ಬರೆಯೋಕೆ ದಾರಿ ಆಗುತ್ತೆ.

ಲಾಗ್ ನೋಡುವವಳು

ಪೀಣ್ಯದವರ ಮೊದಲ ತೊಂದರೆಗೆ ಬರ್ತೀನಿ. ಯಾರೂ ತೆರೆದಿಲ್ಲ ಅನ್ನೋ ಮಾತು ನಿಜವೇ ಇರಬಹುದು, ಸಿಬ್ಬಂದಿಯನ್ನ ಬೈಯೋ ಮುಂಚೆ ಮೂರು ಕಡೆ ನೋಡಿ.

ಮೊದಲನೇದು ಲೀಸ್, ಅಂದ್ರೆ ಫೈಲನ್ನ ತನ್ನಲ್ಲೇ ಇಟ್ಕೊಳ್ಳೋಕೆ ಸರ್ವರ್ ಕ್ಲೈಂಟ್‌ಗೆ ಕೊಡೋ ಅನುಮತಿ. ಲೀಸ್‌ನ ಮುಂದಿರೋ ಅಕ್ಷರಗಳಲ್ಲಿ ಎಚ್ ಅಂದ್ರೆ ಹ್ಯಾಂಡಲ್, ತೆರೆದ ಫೈಲ್ ಮೇಲಿನ ಹಿಡಿತ. ಬಳಸೋರು ಫೈಲ್ ಮುಚ್ಚಿದ ಮೇಲೂ ಅವರ ವಿಂಡೋಸ್ ಸ್ವಲ್ಪ ಹೊತ್ತು ಹ್ಯಾಂಡಲ್ ಬಿಡದೆ ಇಟ್ಕೊಂಡಿರುತ್ತೆ, ಮತ್ತೆ ತೆರೆದರೆ ಬೇಗ ಸಿಗಲಿ ಅಂತ. ಇನ್ನೊಬ್ಬರು ಕೇಳಿದಾಗ ಸರ್ವರ್ ಬಿಡು ಅಂತ ಹೇಳಿ ಕಳಿಸುತ್ತೆ, ಕ್ಲೈಂಟ್ ಬಿಡುತ್ತೆ. ಜೀವಂತ ಕಂಪ್ಯೂಟರ್ ಆದರೆ ಇದರಿಂದ ತೊಂದರೆ ಆಗಲ್ಲ. ಆದರೆ ಸ್ಟೇಟಸ್‌ನಲ್ಲಿ ಹೆಸರು ಕಂಡ ಮಾತ್ರಕ್ಕೆ ಅವರು ಕೂತು ಬಳಸ್ತಿದ್ದಾರೆ ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಎರಡನೇದು ಆಟೋಕ್ಯಾಡ್‌ನ ಸ್ವಂತ ಗುರುತು. ಡ್ರಾಯಿಂಗ್ ತೆರೆದ ಕೂಡಲೇ ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿಗೆ .ಡಿಡಬ್ಲ್ಯುಎಲ್, .ಡಿಡಬ್ಲ್ಯುಎಲ್2 ಅಂತ ಎರಡು ಫೈಲ್ ಅಡಗಿ ಕೂರುತ್ತವೆ. ಅದರಲ್ಲಿ ಯೂಸರ್ ಹೆಸರು, ಕಂಪ್ಯೂಟರ್ ಹೆಸರು, ಸಮಯ ಇರುತ್ತೆ. ಸರ್ವರ್ ಮೇಲೆ ಕ್ಯಾಟ್ ಮಾಡಿದರೆ ಓದಬಹುದು. ಆಟೋಕ್ಯಾಡ್ ಕ್ರ್ಯಾಶ್ ಆದರೆ ಅಥವಾ ಕರೆಂಟ್ ಹೋದರೆ ಇವು ಅಲ್ಲೇ ಉಳೀತವೆ. ಎಸ್‌ಎಂಬಿಸ್ಟೇಟಸ್ ಪಟ್ಟಿಯಲ್ಲಿ ಡ್ರಾಯಿಂಗೂ ಇಲ್ಲ, ಈ ಎರಡೂ ಇಲ್ಲ ಅಂತ ಖಾತ್ರಿಯಾದ ಮೇಲೇ ಅಳಿಸಿ. ವರ್ಡ್, ಎಕ್ಸೆಲ್‌ನಲ್ಲಿ ಇದೇ ಕೆಲಸ ಮಾಡೋದು ~$ ಇಂದ ಶುರುವಾಗೋ ಫೈಲ್.

ಮೂರನೇದು ಸತ್ತ ಸಂಪರ್ಕ. ನಿಮ್ಮಲ್ಲಿ ಇದೇ ಇರಬೇಕು ಅನ್ಸುತ್ತೆ, ಸರ್ವರ್‌ಗೆ ಯುಪಿಎಸ್ ಇದೆ, ಕಂಪ್ಯೂಟರ್‌ಗಿಲ್ಲ ಅಂದ್ರಲ್ಲ. ಕರೆಂಟ್ ಹೋದಾಗ ಕಂಪ್ಯೂಟರ್ ಒಂದು ಮಾತೂ ಹೇಳದೆ ಸಾಯುತ್ತೆ. ಸರ್ವರ್‌ಗೆ ಅದು ಗೊತ್ತಾಗಲ್ಲ, ಟಿಸಿಪಿ ಸಂಪರ್ಕ ಇದೆ ಅಂತಲೇ ನಂಬಿರುತ್ತೆ. ಲಿನಕ್ಸ್‌ನ ಡೀಫಾಲ್ಟ್ ಕೀಪ್‌ಅಲೈವ್ 7200 ಸೆಕೆಂಡ್. ಅಂದ್ರೆ ಎರಡು ಗಂಟೆ ಸುಮ್ಮನಿದ್ದ ಮೇಲೆ ವಿಚಾರಿಸೋಕೆ ಶುರು ಮಾಡುತ್ತೆ, 75 ಸೆಕೆಂಡಿಗೊಮ್ಮೆ 9 ಸಲ ಕೂಗಿ ಉತ್ತರ ಬರದಿದ್ದರೆ ಆಗ ಕೈ ಬಿಡುತ್ತೆ. ಅಲ್ಲೀತನಕ ಹಳೇ ಪಿಐಡಿಯ ಹೆಸರಲ್ಲಿ ಡಿನೈ_ರೈಟ್ ನಿಂತೇ ಇರುತ್ತೆ. ಅದೇ ವ್ಯಕ್ತಿ ಕರೆಂಟ್ ಬಂದ ಮೇಲೆ ಅದೇ ಡ್ರಾಯಿಂಗ್ ತೆರೆದರೆ ಅವರಿಗೇ ರೀಡ್ ಓನ್ಲಿ ಬರುತ್ತೆ!

ಪತ್ತೆ ಸುಲಭ. -ಪಿ ಪಟ್ಟಿಯಲ್ಲಿ ಒಂದೇ ಐಪಿ ಎರಡು ಪಿಐಡಿಯಲ್ಲಿ ಕಾಣುತ್ತೆ, ಮುಂದಿನ ಪೋರ್ಟ್ ಸಂಖ್ಯೆ ಮಾತ್ರ ಬೇರೆ. ಒಂದು ಕರೆಂಟ್ ಹೋಗೋ ಮುಂಚಿನದು, ಇನ್ನೊಂದು ಆಮೇಲಿನದು. ಯಾವುದು ಹಳೇದು ಅಂತ ದೊಡ್ಡಕ್ಷರ ಎಸ್ ಪಟ್ಟಿಯಲ್ಲಿ ಸೇರಿದ ಸಮಯ ನೋಡಿ. ಆಮೇಲೆ ಸುಡೋ ಕಿಲ್ 18422, ಆ ಒಂದು ಪಿಐಡಿಗೆ ಮಾತ್ರ. -9 ಹಾಕಬೇಡಿ, ಮಾಮೂಲಿ ಕಿಲ್‌ಗೆ ಅದು ತನ್ನ ಲಾಕ್‌ಗಳನ್ನ ತಾನೇ ಬಿಟ್ಟು ಹೋಗುತ್ತೆ.

ಯಶವಂತಪುರ ಸಿಸ್ಟಮ್ಸ್

ಮೇಡಂ ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸ್ತೀನಿ. ಜೀವಂತ ಕಂಪ್ಯೂಟರ್‌ನ ಪಿಐಡಿ ಕಿಲ್ ಮಾಡಿದರೆ ಆ ಒಂದು ಡ್ರಾಯಿಂಗ್ ಅಷ್ಟೇ ಅಲ್ಲ, ಆ ಕಂಪ್ಯೂಟರ್ ಹಿಡಿದಿರೋ ಎಲ್ಲಾ ಫೈಲೂ ಬಿಟ್ಟುಹೋಗುತ್ತೆ. ಮೊದಲು ಎಲ್ ಪಟ್ಟಿಯಲ್ಲಿ ಅದೇ ಪಿಐಡಿಗೆ ಇನ್ನೇನೇನಿದೆ ಗ್ರೆಪ್ ಮಾಡಿ (ಹುಡುಕಿ). ಆಮೇಲೆ ಎದ್ದು ಹೋಗಿ, ಅಥವಾ ಇಂಟರ್‌ಕಾಮ್‌ನಲ್ಲಿ ಕೇಳಿ, ಸೇವ್ ಮಾಡಿಸಿ. ಎಸ್‌ಎಂಬಿಕಂಟ್ರೋಲ್‌ನಲ್ಲಿ ಕಿಲ್-ಕ್ಲೈಂಟ್-ಐಪಿ ಅಂತಲೂ ಇದೆ, ಆದರೆ ಒಂದೇ ಐಪಿಗೆ ಸತ್ತದ್ದೂ ಬದುಕಿದ್ದೂ ಎರಡೂ ಇದ್ದಾಗ ಅದು ಎರಡನ್ನೂ ಹೊಡೆಯುತ್ತೆ. ನಿಮ್ಮ ಸಂದರ್ಭಕ್ಕೆ ಅದು ಬೇಡ.

ಶಾಶ್ವತ ಪರಿಹಾರ ಸಾಂಬಾದ ಸೆಟ್ಟಿಂಗ್ ಫೈಲ್ ಎಸ್‌ಎಂಬಿ.ಕಾನ್ಫ್‌ನ ಗ್ಲೋಬಲ್ ಭಾಗದಲ್ಲಿ:

ಸಾಕೆಟ್ ಆಪ್ಶನ್ಸ್ = ಟಿಸಿಪಿ_ನೋಡಿಲೇ ಎಸ್‌ಒ_ಕೀಪ್‌ಅಲೈವ್ ಟಿಸಿಪಿ_ಕೀಪ್‌ಐಡಲ್=120 ಟಿಸಿಪಿ_ಕೀಪ್‌ಇಂಟಿವಿಎಲ್=15 ಟಿಸಿಪಿ_ಕೀಪ್‌ಸಿಎನ್‌ಟಿ=4

120 ಸೆಕೆಂಡ್ ಸುಮ್ಮನಿದ್ದರೆ ವಿಚಾರಣೆ, 15 ಸೆಕೆಂಡಿಗೊಂದರಂತೆ 4 ಸಲ. ಒಟ್ಟು ಮೂರು ನಿಮಿಷಕ್ಕೆ ಸತ್ತ ಸಂಪರ್ಕ ಕಳಚುತ್ತೆ. ಇದಕ್ಕಿಂತ ಕಡಿಮೆ ಮಾಡಬೇಡಿ. ಲ್ಯಾಪ್‌ಟಾಪ್ ಮುಚ್ಚಿಟ್ಟು ಚಹಾಕ್ಕೆ ಹೋದವರ ಫೈಲೂ ಇದೇ ಲೆಕ್ಕದಲ್ಲಿ ಬಿಟ್ಟುಹೋಗುತ್ತೆ, ನೆನಪಿರಲಿ. ಸಾಂಬಾದಲ್ಲಿ ಕೀಪ್‌ಅಲೈವ್ = 300 ಅಂತ ಬೇರೆ ಆಯ್ಕೆ ಇದೆಯಲ್ಲಾ ಅಂತ ಕೇಳಬಹುದು. ಅದು ಎಸ್‌ಎಂಬಿ1 (ಫೈಲ್ ಹಂಚೋ ಪ್ರೋಟೋಕಾಲ್‌ನ ಹಳೇ ಆವೃತ್ತಿ) ಕಾಲದ್ದು, ಎಸ್‌ಎಂಬಿ2 ಮತ್ತು ಮೇಲಿನ ಸಂಪರ್ಕಗಳಿಗೆ ಅನ್ವಯಿಸಲ್ಲ.

ಸಂಪಿಗೆ ರಸ್ತೆ

ರೀಸ್ಟಾರ್ಟ್ ವಿಷಯ ಅರ್ಥ ಆಯ್ತು ಸರ್, ಬಿಟ್ಟೆ. ಕಾಣೆಯಾದ ಫೋಲ್ಡರ್‌ಗೆ ಒಂದು ಸಲಹೆ: ನಿಮಿಷಕ್ಕೊಮ್ಮೆ ಎಸ್‌ಎಂಬಿಸ್ಟೇಟಸ್ ಓಡಿಸಿ ಸಮಯದ ಸಮೇತ ಫೈಲ್‌ಗೆ ಬರೆಸಿದರೆ ಇತಿಹಾಸ ಸಿಗಲ್ವಾ?

ಲಾಗ್ ನೋಡುವವಳು

ಸಿಗಲ್ಲ. ಫೋಲ್ಡರ್ ಅಳಿಸೋಕೆ ಒಂದು ಸೆಕೆಂಡೂ ಬೇಡ, ನಿಮ್ಮ ಎರಡು ಚಿತ್ರಗಳ ನಡುವೆ ಅದು ಆಗಿ ಮುಗಿದಿರುತ್ತೆ. ಎಸ್‌ಎಂಬಿಸ್ಟೇಟಸ್ ಹೇಳೋದು ಈ ಕ್ಷಣದ್ದು ಮಾತ್ರ. ಯಾರು ಅಳಿಸಿದರು, ಯಾರು ಹೆಸರು ಬದಲಿಸಿದರು ಅನ್ನೋದಕ್ಕೆ ಫುಲ್_ಆಡಿಟ್ (ಫೈಲ್ ಮೇಲಿನ ಕೆಲಸಗಳನ್ನ ದಾಖಲಿಸೋ ಸಾಂಬಾದ ಭಾಗ) ಬೇಕು, ಅದೂ ಘಟನೆಗೆ ಮುಂಚೆಯೇ ಹಾಕಿರಬೇಕು. ಹೋದ ವಾರದ್ದಕ್ಕೆ ಈಗ ಏನೂ ಮಾಡೋಕಾಗಲ್ಲ.

ಎಸ್‌ಎಂಬಿ.ಕಾನ್ಫ್‌ನಲ್ಲಿ ಡ್ರಾಯಿಂಗ್ಸ್ ಶೇರ್ ಕೆಳಗೆ:

ವಿಎಫ್‌ಎಸ್ ಆಬ್ಜೆಕ್ಟ್ಸ್ = ಫುಲ್_ಆಡಿಟ್ ರಿಸೈಕಲ್
ಫುಲ್_ಆಡಿಟ್:ಪ್ರಿಫಿಕ್ಸ್ = %ಯು|%ಐ|%ಎಸ್
ಫುಲ್_ಆಡಿಟ್:ಸಕ್ಸೆಸ್ = ಅನ್‌ಲಿಂಕ್ಯಾಟ್ ರಿನೇಮ್ಯಾಟ್ ಎಂಕೆಡಿರ್ಯಾಟ್
ಫುಲ್_ಆಡಿಟ್:ಫೇಲ್ಯೂರ್ = ನನ್
ಫುಲ್_ಆಡಿಟ್:ಫೆಸಿಲಿಟಿ = ಲೋಕಲ್5
ಫುಲ್_ಆಡಿಟ್:ಪ್ರಯಾರಿಟಿ = ನೋಟಿಸ್

ಪ್ರಿಫಿಕ್ಸ್‌ನಲ್ಲಿ ಯು ಸಣ್ಣಕ್ಷರ, ಐ ಮತ್ತು ಎಸ್ ದೊಡ್ಡಕ್ಷರ. ಯೂಸರ್, ಐಪಿ, ಶೇರ್ ಹೆಸರು ಅಂತ ಅರ್ಥ.

ಇಲ್ಲಿ ಕೆಡೋದು ಆಪರೇಶನ್ ಹೆಸರಿನಲ್ಲಿ. ಹಳೇ ಲೇಖನಗಳಲ್ಲಿ ಅನ್‌ಲಿಂಕ್, ರಿನೇಮ್, ಆರ್‌ಎಂಡಿರ್ ಅಂತಿರುತ್ತೆ. ನಿಮ್ಮ 4.15ರಲ್ಲಿ ಆ ಹೆಸರುಗಳಿಲ್ಲ, ಕೊನೆಗೆ ಆ್ಯಟ್ ಸೇರಿರೋ ಹೆಸರುಗಳೇ ಬೇಕು. ಫೋಲ್ಡರ್ ಅಳಿಸಿದ್ದೂ ಅನ್‌ಲಿಂಕ್ಯಾಟ್ ಅಂತಲೇ ಬರುತ್ತೆ. ಗುರುತಿಲ್ಲದ ಹೆಸರು ಕೊಟ್ಟರೆ ಆವೃತ್ತಿ ನೋಡ್ಕೊಂಡು ಒಂದೋ ಎಲ್ಲವನ್ನೂ ಲಾಗ್ ಮಾಡೋಕೆ ಶುರು ಮಾಡುತ್ತೆ, ಇಲ್ಲಾ ಶೇರ್ ತೆರೆಯೋದೇ ಇಲ್ಲ. ಹಾಗಾಗಿ ಮೊದಲು ಒಂದು ಪರೀಕ್ಷೆ ಶೇರ್ ಮೇಲೆ ಹಾಕಿ ನೋಡಿ. ಎಲ್ಲಾ ಲಾಗ್ ಆದರೆ ಡಿಸ್ಕ್ ತುಂಬೋಕೆ ಹೆಚ್ಚು ದಿನ ಬೇಡ.

ಫುಲ್_ಆಡಿಟ್ ಮುಂದೆ, ರಿಸೈಕಲ್ (ಅಳಿಸಿದ್ದನ್ನ ಬುಟ್ಟಿಯಲ್ಲಿ ಇಡೋ ಭಾಗ) ಹಿಂದೆ ಇರೋದಕ್ಕೂ ಕಾರಣ ಇದೆ. ಈ ಕ್ರಮದಲ್ಲಿದ್ದರೆ ಅಳಿಸಿದ್ದು ಅಳಿಸಿದ್ದಾಗಿ ದಾಖಲಾಗುತ್ತೆ. ತಿರುಗಿಸಿದರೆ ರಿಸೈಕಲ್ ಅದನ್ನ ತನ್ನ ಬುಟ್ಟಿಗೆ ಸಾಗಿಸಿರುತ್ತೆ, ಆಡಿಟ್‌ಗೆ ಬರೀ ಹೆಸರು ಬದಲಾವಣೆಯಾಗಿ ಕಾಣುತ್ತೆ.

ರಿನೇಮ್ಯಾಟ್ ಸಾಲಿನಲ್ಲಿ ಹಳೇ ದಾರಿ, ಹೊಸ ದಾರಿ ಎರಡೂ ಇರುತ್ತೆ. ಕಾಣೆಯಾದ ಫೋಲ್ಡರ್ ಎಷ್ಟೋ ಸಲ ಅಳಿದಿರೋದೇ ಇಲ್ಲ, ಮೌಸ್ ಜಾರಿ ಪಕ್ಕದ ಫೋಲ್ಡರ್ ಒಳಗೆ ಬಿದ್ದಿರುತ್ತೆ. ಬ್ಯಾಕಪ್‌ಗೆ ಕೈ ಹಾಕೋ ಮುಂಚೆ ಸರ್ವರ್ ಮೇಲೆ ಫೈಂಡ್ ಹೊಡೆದು ಹೆಸರು ಹುಡುಕಿ. ಪೀಣ್ಯದವರು ಈಗಲೂ ಒಮ್ಮೆ ಹುಡುಕಿ ನೋಡೋದು ಒಳ್ಳೇದು.

ಇನ್ನೊಂದು: ಎಕ್ಸೆಲ್ ಸೇವ್ ಮಾಡೋ ರೀತಿಯೇ ಬೇರೆ. ಎಂಟು ಅಕ್ಷರದ, ಎಕ್ಸ್‌ಟೆನ್ಶನ್ ಇಲ್ಲದ ತಾತ್ಕಾಲಿಕ ಫೈಲ್‌ಗೆ ಬರೆದು, ಮೂಲ ಫೈಲನ್ನ .ಟಿಎಂಪಿ ಮಾಡಿ, ತಾತ್ಕಾಲಿಕದ್ದಕ್ಕೆ ಮೂಲ ಹೆಸರಿಟ್ಟು, .ಟಿಎಂಪಿ ಅಳಿಸುತ್ತೆ. ಒಂದು ಕಂಟ್ರೋಲ್-ಎಸ್‌ಗೆ ಲಾಗ್‌ನಲ್ಲಿ ಮೂರು ಸಾಲು. ಇದನ್ನ ನೋಡಿ ಅಕೌಂಟ್ಸ್‌ನವರು ಫೈಲ್ ಅಳಿಸಿದ್ದಾರೆ ಅಂತ ದೂರು ಹೊತ್ತು ಹೋಗಬೇಡಿ. ಲಾಗ್ ಇಡ್ತಿದ್ದೀವಿ ಅಂತ ಎಲ್ಲರಿಗೂ ಮೊದಲೇ ತಿಳಿಸಿ, ಅದು ಅವರಿಗೆ ಕೊಡಬೇಕಾದ ಮರ್ಯಾದೆ.

ರಾಜಾಜಿನಗರ ನೆಟ್‌ವರ್ಕ್

ಅದಕ್ಕೆ ಎರಡು ಸೇರ್ಪಡೆ. ಲಾಗ್ ಬರೆಯೋ ಆರ್‌ಸಿಸ್ಲಾಗ್‌ನಲ್ಲಿ ಲೋಕಲ್5 (ಮೇಲೆ ಕೊಟ್ಟ ಫೆಸಿಲಿಟಿ) ಅನ್ನು ಬೇರೆ ಫೈಲ್‌ಗೆ ತಿರುಗಿಸಿ, ಇಲ್ಲಾಂದ್ರೆ ಸಿಸ್ಲಾಗ್ ಒಳಗೆ ಬೆರೆತು ಹುಡುಕೋದೇ ಕಷ್ಟ. ಹಳೇ ಲಾಗ್ ಎತ್ತಿಡೋ ಲಾಗ್‌ರೊಟೇಟ್‌ನಲ್ಲಿ ದಿನಕ್ಕೊಂದು, 90 ಇಡಿ. ಮತ್ತೆ ಸಾವಿರಾರು ಫೈಲ್ ಒಟ್ಟಿಗೆ ಅಳಿಸಿದಾಗ ಜರ್ನಲ್‌ಡಿ (ಸಿಸ್ಟಮ್‌ನ ಲಾಗ್ ಸೇವೆ) ತನ್ನ ಮಿತಿ ಮೀರಿದ್ದನ್ನ ಕೈಬಿಡುತ್ತೆ. ಡೀಫಾಲ್ಟ್ 30 ಸೆಕೆಂಡಿಗೆ 10000 ಸಂದೇಶ. ದೊಡ್ಡ ಅನಾಹುತದ ಸಾಲುಗಳೇ ಕಳೆದುಹೋದರೆ ಲಾಗ್ ಇದ್ದು ಪ್ರಯೋಜನ ಏನು? ರೇಟ್‌ಲಿಮಿಟ್‌ಬರ್ಸ್ಟ್ ಏರಿಸಿ.

-ಪಿ ಪಟ್ಟಿಯಲ್ಲಿ ಪ್ರೋಟೋಕಾಲ್ ಎನ್‌ಟಿ1 ಅಂತ ಎಲ್ಲಾದರೂ ಇದೆಯಾ ನೋಡಿ. ಅದು ಎಸ್‌ಎಂಬಿ1. ಸಾಂಬಾ 4.11ರಿಂದ ಡೀಫಾಲ್ಟ್ ಆಗಿ ಅದು ಬಂದ್. ಪೀಣ್ಯ ಕಡೆ ಹಳೇ ಸಿಎನ್‌ಸಿ ಕಂಟ್ರೋಲರ್‌ಗೋಸ್ಕರ ತೆರೆದಿಟ್ಟಿರೋದು ಸಾಮಾನ್ಯ. ಆ ಮಷಿನ್‌ಗಳಿಗೆ ಪ್ರೋಗ್ರಾಂ ಫೋಲ್ಡರ್ ಮಾತ್ರ ಇರೋ ಸಣ್ಣ ಬೇರೆ ಪೆಟ್ಟಿಗೆ ಕೊಡಿ, ಅಕೌಂಟ್ಸ್ ಇರೋ ಸರ್ವರ್‌ನಲ್ಲಿ ಬೇಡ.

ಪೀಣ್ಯ ಡ್ರಾಯಿಂಗ್ ರೂಮ್

ಎಲ್ಲರಿಗೂ ಧನ್ಯವಾದ. ಎನ್‌ಟಿ1 ಎರಡು ಸಾಲು ಇದೆ, ಎರಡೂ ಸಿಎನ್‌ಸಿ. ಬೇರೆ ಮಾಡ್ತೀನಿ. ಒಂದೇ ಐಪಿ ಎರಡು ಪಿಐಡಿಯಲ್ಲಿ ಇರೋದು ಮೂರು ಕಡೆ ಸಿಕ್ಕಿತು. ಹಳೇದನ್ನ ಕಿಲ್ ಮಾಡಿದ ಮೇಲೆ ಡ್ರಾಯಿಂಗ್‌ಗಳು ಸರಿಯಾಗಿ ತೆರೀತಿವೆ. ಕಾಣೆಯಾದ ಫೋಲ್ಡರ್ ಫೈಂಡ್‌ನಲ್ಲಿ ಸಿಕ್ಕಿತು, ಪಕ್ಕದ ಜಾಬ್ ಒಳಗೇ ಇತ್ತು.

ಇನ್ನು 11 ಗಂಟೆಯ ನಿಧಾನ. ಆಗ ತೆರೆದ ಫೈಲ್ ಎಣಿಸಿದರೆ 400ರ ಹತ್ತಿರ. ಸಂಜೆ ಎಲ್ಲಾ ವೇಗವಾಗಿರುವಾಗಲೂ ಸುಮಾರು ಅಷ್ಟೇ.

ಲಾಗ್ ನೋಡುವವಳು

ತೆರೆದಿರೋ ಫೈಲ್‌ನ ಎಣಿಕೆಗೂ ಡಿಸ್ಕ್‌ನ ಹೊರೆಗೂ ಸಂಬಂಧ ಇಲ್ಲ. 400 ಫೈಲ್ ತೆರೆದು ಸುಮ್ಮನಿರಬಹುದು, ಒಂದೇ ಫೈಲ್ ಡಿಸ್ಕ್ ಅರೆಯುತ್ತಿರಬಹುದು. ಹೊರೆ ಅಳೆಯೋ ಸಿಸ್‌ಸ್ಟ್ಯಾಟ್ ಪ್ಯಾಕೇಜ್ ಹಾಕಿ.

ಐಒಸ್ಟ್ಯಾಟ್ -ಎಕ್ಸ್ 5

ಮೊದಲ ಸಲದ ಅಂಕಿ ಬಿಟ್ಟುಬಿಡಿ, ಅದು ಬೂಟ್ ಆದಾಗಿನಿಂದ ಸರಾಸರಿ. ಎರಡನೇದರಿಂದ ಆರ್_ಅವೇಟ್, ಡಬ್ಲ್ಯು_ಅವೇಟ್ (ಓದೋಕೆ, ಬರೆಯೋಕೆ ಕಾಯೋ ಸಮಯ) ನೋಡಿ. ಸಂಜೆಯದಕ್ಕೆ ಹೋಲಿಸಿದರೆ ಹಲವು ಪಟ್ಟು ಏರಿದ್ದರೆ ಡಿಸ್ಕ್‌ನದ್ದೇ ತೊಂದರೆ. ಏರದಿದ್ದರೆ ನೆಟ್‌ವರ್ಕ್ ಕಡೆ ಹೋಗಿ. ಆಮೇಲೆ

ಸುಡೋ ಪಿಡ್‌ಸ್ಟ್ಯಾಟ್ -ಡಿ 5

ಇದು ಪಿಐಡಿವಾರು ಸೆಕೆಂಡಿಗೆ ಎಷ್ಟು ಕೆಬಿ ಓದಿತು, ಬರೆಯಿತು ಅಂತ ತೋರಿಸುತ್ತೆ. ಎಸ್‌ಎಂಬಿಡಿಗಳಲ್ಲಿ ಮೇಲಿರೋ ಪಿಐಡಿ ಹಿಡಿದು -ಪಿ ಪಟ್ಟಿಯಲ್ಲಿ ನೋಡಿದರೆ ಕಂಪ್ಯೂಟರ್ ಸಿಕ್ಕಿತು. ಅದೇ ಪಿಐಡಿಯ ಎಲ್ ಪಟ್ಟಿಯನ್ನ ಐದು ಸೆಕೆಂಡಿಗೊಮ್ಮೆ ನಾಲ್ಕೈದು ಸಲ ನೋಡಿ. ಪ್ರತಿ ಸಲ ಬೇರೆ ಬೇರೆ ಫೈಲ್, ಎಲ್ಲಾ ಆರ್‌ಡಿಓನ್ಲಿ, ಫೋಲ್ಡರ್ ಕ್ರಮದಲ್ಲೇ ಮುಂದೆ ಹೋಗ್ತಿದ್ದರೆ ಅದು ಮನುಷ್ಯರಲ್ಲ. ಆ ಕಂಪ್ಯೂಟರ್‌ನ ಆಂಟಿವೈರಸ್ ಮ್ಯಾಪ್ ಮಾಡಿದ ಡ್ರೈವ್ ಇಡೀ ಸ್ಕ್ಯಾನ್ ಮಾಡ್ತಿದೆ. ನೆಟ್‌ವರ್ಕ್ ಡ್ರೈವ್ ಬಿಡು ಅಂತ ಸೆಟ್ಟಿಂಗ್‌ನಲ್ಲಿ ಹೇಳಿ, ಸರ್ವರ್ ಮೇಲೆ ರಾತ್ರಿ ಬೇರೆ ಸ್ಕ್ಯಾನ್ ಇಡಿ.

ಎಸ್‌ಎಂಬಿಸ್ಟೇಟಸ್ ಪದೇ ಪದೇ ಓಡಿಸುವಾಗ -ಎಫ್ ಮತ್ತು -ಎನ್ ಸೇರಿಸಿ. ಮೊದಲನೇದು ಪ್ರತಿ ಪ್ರೊಸೆಸ್ ಇದೆಯಾ ಅನ್ನೋ ತಪಾಸಣೆ ಬಿಡುತ್ತೆ, ಎರಡನೇದು ಹೆಸರು ಹುಡುಕೋದನ್ನ ಬಿಡುತ್ತೆ.

ಯಶವಂತಪುರ ಸಿಸ್ಟಮ್ಸ್

ಮುಂದೆ ಉಬುಂಟು 24.04ಕ್ಕೆ ಹೋದರೆ ಸಾಂಬಾ 4.19 ಬರುತ್ತೆ. 4.17ರಿಂದ ಎಸ್‌ಎಂಬಿಸ್ಟೇಟಸ್‌ಗೆ --ಜೇಸನ್ (ಪ್ರೋಗ್ರಾಂ ಸುಲಭವಾಗಿ ಓದೋ ರೂಪ) ಇದೆ, ಅಂಕಣ ಎಣಿಸಿ ಆಕ್ (ಸಾಲು ಬಿಡಿಸೋ ಕಮಾಂಡ್) ಬರೆಯೋ ಕಷ್ಟ ತಪ್ಪುತ್ತೆ. ಫೈಲ್ ಹೆಸರಲ್ಲಿ ಖಾಲಿ ಜಾಗ ಇದ್ದರೆ ಆಕ್ ಲೆಕ್ಕ ಯಾವಾಗಲೂ ತಪ್ಪುತ್ತೆ.

ಚಾಮರಾಜಪೇಟೆ ಮುದ್ರಣ

ಖಾಲಿ ಜಾಗದ ಮಾತು ಬಂತಲ್ಲ, ಕನ್ನಡ ಹೆಸರಿನ ಫೈಲ್‌ಗಳ ಬಗ್ಗೆ ಕೇಳ್ತೀನಿ. ಮುದ್ರಣಾಲಯದ ಶೇರ್, ಮ್ಯಾಕ್ ಎರಡು, ವಿಂಡೋಸ್ ನಾಲ್ಕು. 'ಮಲ್ಲೇಶ್ವರ' ಅಂತ ಹೆಸರಿನ ಫೈಲ್ ಎಲ್ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತೆ, ಗ್ರೆಪ್ ಮಾಡಿದರೆ ಸಿಗಲ್ಲ. ಉದ್ದ ಹೆಸರು ಕೊಟ್ಟರೆ ಕೆಲವು ಸೇವ್ ಆಗೋದೂ ಇಲ್ಲ.

ಲಾಗ್ ನೋಡುವವಳು

ಎರಡೂ ಬೇರೆ ಬೇರೆ ಕಾರಣ. ಉದ್ದದ್ದು ಮೊದಲು. ಲಿನಕ್ಸ್‌ನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಮಲ್ಲೇಶ್ವರ ಕಣ್ಣಿಗೆ ನಾಲ್ಕು ಅಕ್ಷರ: ಮ, ಲ್ಲೇ, ಶ್ವ, ರ. ಒಳಗೆ ಒತ್ತು, ಗುಣಿತ ಎಲ್ಲಾ ಬಿಡಿಸಿದರೆ 9 ಸಂಕೇತ, 27 ಬೈಟ್. ಅಂದ್ರೆ ಒಟ್ಟು 85 ಸಂಕೇತಕ್ಕೆ ಮುಗೀತು. ವಿಂಡೋಸ್ ತನ್ನ ಡಿಸ್ಕ್ ಮೇಲೆ 255 ಸಂಕೇತದ ತನಕ ಬಿಡುತ್ತೆ, ಸರ್ವರ್ ಬಿಡಲ್ಲ. ಗಿರಾಕಿಯ ಹೆಸರು, ಪುಸ್ತಕದ ಹೆಸರು, ತಾರೀಖು ಎಲ್ಲಾ ಫೈಲ್ ಹೆಸರಿಗೇ ತುಂಬಿಸದೆ ಫೋಲ್ಡರ್ ಮಾಡಿ ಹಂಚಿ.

ಗ್ರೆಪ್ ಸಿಗದ್ದಕ್ಕೆ ಕಾರಣ ಮ್ಯಾಕ್. ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ 'ಲೇ'ಯ ಏತ್ವವನ್ನ ಒಂದೇ ಸಂಕೇತವಾಗಿ ಇಡಲ್ಲ, ಎತ್ವ ಮತ್ತು ದೀರ್ಘ ಅಂತ ಎರಡಾಗಿ ಒಡೆದಿಡುತ್ತೆ. ಅಲ್ಲಿಂದ ಆರ್‌ಸಿಂಕ್ (ನಕಲು) ಮಾಡಿ ತಂದರೆ ಒಡೆದ ಹೆಸರೇ ಬರುತ್ತೆ. ಪರದೆ ಮೇಲೆ ಒಂದೇ ಥರ, ಬೈಟ್‌ನಲ್ಲಿ ಬೇರೆ: 3ರ ಜಾಗದಲ್ಲಿ 6. ಹೀಗೇ ಒಂದೇ ಫೋಲ್ಡರ್‌ನಲ್ಲಿ ಎರಡು 'ಮಲ್ಲೇಶ್ವರ' ಕೂಡ ಕೂರಬಹುದು. ಫೈಲ್ ಹೆಸರಿನ ಸಂಕೇತ ಬದಲಿಸೋ ಕನ್ವ್‌ಎಂವಿ ಅನ್ನು ಎರಡೂ ಕಡೆ ಯುಟಿಎಫ್8 ಕೊಟ್ಟು --ಎನ್‌ಎಫ್‌ಸಿ (ಒಡೆದದ್ದನ್ನ ಕೂಡಿಸೋ ಆಯ್ಕೆ) ಜೊತೆ ಓಡಿಸಿ. ಮೊದಲು ಏನೇನು ಬದಲಾಗುತ್ತೆ ಅಂತ ತೋರಿಸುತ್ತೆ ಅಷ್ಟೇ. ಪಟ್ಟಿ ಓದಿ, ಯಾರೂ ಫೈಲ್ ತೆರೆದಿಲ್ಲ ಅಂತ ಎಲ್ ಪಟ್ಟಿಯಲ್ಲಿ ನೋಡಿ, ಆಮೇಲೆ --ನೋಟೆಸ್ಟ್ ಹಾಕಿ.

ಪೀಣ್ಯ ಡ್ರಾಯಿಂಗ್ ರೂಮ್

ಪಿಡ್‌ಸ್ಟ್ಯಾಟ್‌ನಲ್ಲಿ ಸಿಕ್ಕಿತು. ಸ್ಟೋರ್ಸ್ ಕಂಪ್ಯೂಟರ್, 10:50ಕ್ಕೆ ಶುರುವಾಗೋ ಆಂಟಿವೈರಸ್. ಸೆಟ್ಟಿಂಗ್ ಬದಲಿಸಿದೆ.

ಕೀಪ್‌ಐಡಲ್ ಸಾಲು ಹಾಕಿ ರೀಲೋಡ್-ಕಾನ್ಫಿಗ್ (ಸೆಟ್ಟಿಂಗ್ ಮತ್ತೆ ಓದು ಅನ್ನೋ ಆಜ್ಞೆ) ಕೊಟ್ಟೆ. ಪರೀಕ್ಷೆಗೆ ಒಂದು ಕಂಪ್ಯೂಟರ್‌ನ ನೆಟ್‌ವರ್ಕ್ ಕೇಬಲ್ ಕಿತ್ತೆ. ಮೂರು ನಿಮಿಷ ಆದರೂ ಸಾಲು ಹೋಗಲಿಲ್ಲ, ಸುಮಾರು ಹದಿನೈದು ನಿಮಿಷಕ್ಕೆ ಹೋಯ್ತು. ಯಾಕಿರಬಹುದು?

ಯಶವಂತಪುರ ಸಿಸ್ಟಮ್ಸ್

ಎರಡು ವಿಷಯ. ಆ ಆಯ್ಕೆ ರೀಲೋಡ್ ಆದಮೇಲೆ ಹೊಸದಾಗಿ ಸೇರೋ ಸಂಪರ್ಕಗಳಿಗೆ ಮಾತ್ರ, ಹಳೇವು 7200ರಲ್ಲೇ ಇರ್ತವೆ. ಮತ್ತೆ ಹದಿನೈದು ನಿಮಿಷ ಅನ್ನೋದು ಕೀಪ್‌ಅಲೈವ್‌ನ ಲೆಕ್ಕವೇ ಅಲ್ಲ. ಕೇಬಲ್ ಕಿತ್ತ ಮೇಲೆ ಬೇರೆ ಯಾರೋ ಅದೇ ಫೋಲ್ಡರ್ ಮುಟ್ಟಿ, ಸರ್ವರ್ ಆ ಸತ್ತ ಕಂಪ್ಯೂಟರ್‌ಗೆ ಏನೋ ಸುದ್ದಿ ಕಳಿಸಿದೆ. ಕಳಿಸಿದ್ದಕ್ಕೆ ಉತ್ತರ ಬಾಕಿ ಇದ್ದಾಗ ಟಿಸಿಪಿ ಅದನ್ನೇ ಮತ್ತೆ ಮತ್ತೆ ಕಳಿಸ್ತಾ ಕೂರುತ್ತೆ, ಲಿನಕ್ಸ್‌ನ ಡೀಫಾಲ್ಟ್ ಟಿಸಿಪಿ_ರಿಟ್ರೈಸ್2 15 ಇರೋದರಿಂದ ಅದು 924 ಸೆಕೆಂಡಿನಷ್ಟು ಎಳೆಯುತ್ತೆ. ಮತ್ತೆ ಪರೀಕ್ಷಿಸುವಾಗ ಎಸ್‌ಎಸ್ -ಟಿಎನ್‌ಒ ಹೊಡೆದು ಸಾಂಬಾದ ಪೋರ್ಟ್ 445ರ ಸಾಲು ನೋಡಿ. ಸೆಂಡ್-ಕ್ಯೂ (ಕಳಿಸಿ ಉತ್ತರ ಬಾಕಿ ಇರೋದು) ಸೊನ್ನೆ ಇದ್ದು ಟೈಮರ್ ಕೀಪ್‌ಅಲೈವ್ ಅಂತಿದ್ದರೆ ಮೂರು ನಿಮಿಷದಲ್ಲಿ ಹೋಗುತ್ತೆ. ಸೆಂಡ್-ಕ್ಯೂನಲ್ಲಿ ಅಂಕಿ ನಿಂತು ಟೈಮರ್ ಆನ್ ಅಂತಿದ್ದರೆ ಹದಿನೈದು ನಿಮಿಷ ಕಾಯಬೇಕು, ಇಲ್ಲಾ ಆ ಪಿಐಡಿಗೆ ಕಿಲ್ ಕೊಡಬೇಕು.